ನಡುವಿನದು ನೀರಿನದು

ಆ ಹಳ್ಳ ಬೆಟ್ಟದಲ್ಲಿ ಹುಟ್ಟಿದ್ದಲ್ಲ. ಆ ಸೀಮೆಯಲ್ಲಿ ಬೆಟ್ಟವೇ ಇರಲಿಲ್ಲ. ಕೇದಗೆ ಮೆಳೆಯ ಬುಡದಲ್ಲಿ ಸದಾ ಒದ್ದೆಯಾಗಿರುವ ಒಂದು ಜೌಗು ಇತ್ತು. ಅಲ್ಲಿ ಕಾಲಿಟ್ಟರೆ ಹೆಜ್ಜೆಯ ಗುಂಡಿಯಲ್ಲಿ ನೀರು ತುಂಬುತ್ತಿತ್ತು. ಗುಂಡಿ ತುಂಬಿ ಹೊರಚೆಲ್ಲಿದರೆ ಅದೇ ಹಳ್ಳದ ಮೊದಲು. ಅಲ್ಲಿಂದ ಅದು ತೆಂಕಣಕ್ಕೆ ಹೊರಡುತ್ತಿತ್ತು. ನೆಲ ಹಾಸಿದ ಚಾಪೆಯ ಹಾಗೆ ಸಪಾಟಾಗಿದ್ದುದರಿಂದ ಅದಕ್ಕೆ ಅವಸರವಿರಲಿಲ್ಲ. ಗದ್ದೆಗಳ ನಡುವೆ ಒಮ್ಮೆ ಮೂಡಣಕ್ಕೆ, ಒಮ್ಮೆ ಪಡುವಣಕ್ಕೆ ಬಳುಕುತ್ತ, ಹೊಂಗೆ ಮರಗಳ ನೆರಳಲ್ಲಿ ನಿಂತು ನಿಂತು, ಕೊನೆಗೆ ಉಪ್ಪುನೆಲ ಸೇರಿ, ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲ ಗಿಡಗಳ ಬೇರುಗಳ ನಡುವೆ ಕಳೆದುಹೋಗುತ್ತಿತ್ತು. ಅದರಾಚೆ ಸಮುದ್ರ. ಸಮುದ್ರಕ್ಕೆ ಉಬ್ಬರ ಬಂದಾಗ ಹಳ್ಳ ಸ್ವಲ್ಪ ದೂರ ಹಿಂದಕ್ಕೂ ಹರಿಯುತ್ತಿತ್ತು.

ಮೂಡುದಡದವರು ಅದನ್ನು ಅಂಚು ಎನ್ನುತ್ತಿದ್ದರು. ಪಡುದಡದವರು ಸೆರಗು ಎನ್ನುತ್ತಿದ್ದರು. ಎರಡೂ ಸೀರೆಯ ಮಾತೇ. ಆದರೆ ಒಬ್ಬರಿಟ್ಟ ಹೆಸರನ್ನು ಇನ್ನೊಬ್ಬರು ಬಾಯಲ್ಲಿ ತರುತ್ತಿರಲಿಲ್ಲ.

ಬಹಳ ಹಿಂದೆ ಎರಡು ದಡಕ್ಕೂ ಒಬ್ಬೊಬ್ಬ ಅರಸನಿದ್ದನಂತೆ. ಇವನು ಗಡಿಕಲ್ಲು ನೆಟ್ಟರೆ ಅವನು ಕೀಳಿಸುವುದು, ಅವನು ನೆಟ್ಟರೆ ಇವನು ಕೀಳಿಸುವುದು. ಕೊನೆಗೆ ಇಬ್ಬರೂ ಬೇಸತ್ತು, ಹಳ್ಳದ ಆಚೆ ಈಚೆ ಕೂತು, ಒಂದು ಮಾತಿಗೆ ಬಂದರಂತೆ: ನೀರು ಎಲ್ಲಿ ಹರಿಯುತ್ತದೋ ಅಲ್ಲೇ ಗಡಿ. ಅದನ್ನು ಕಲ್ಲಿನಲ್ಲಿ ಕೊರೆಸಿ ದಂಡೆಯ ಮೇಲೆ ನಿಲ್ಲಿಸಿದರಂತೆ. ಮುಂದಿನ ಮಳೆಗಾಲದಲ್ಲಿ ದಂಡೆ ಕುಸಿದು ಆ ಕಲ್ಲನ್ನು ಹಳ್ಳವೇ ನುಂಗಿತು. ಅರಸರೂ ಹೋದರು. ಮಾತು ಮಾತ್ರ ಉಳಿಯಿತು.

ಆ ಮಾತಿನಂತೆ, ಮಳೆ ನಿಂತು, ಕೆಂಪು ನೀರು ತಿಳಿಯಾಗಿ, ತಳದ ಮರಳು ಕಾಣಿಸಿದ ದಿನ ಎರಡೂ ದಡದ ಹಿರಿಯರು ಹೊರಡುತ್ತಿದ್ದರು. ಮೂಡುದಡದ ಹಿರಿಯ ಮೂಡುದಡದಲ್ಲಿ, ಪಡುದಡದ ಹಿರಿಯ ಪಡುದಡದಲ್ಲಿ, ಕೇದಗೆ ಮೆಳೆಯಿಂದ ಕಾಂಡ್ಲದವರೆಗೆ, ಎದುರುಬದುರಾಗಿ, ಮಾತಿಲ್ಲದೆ ನಡೆಯುತ್ತಿದ್ದರು. ಅವರ ಹಿಂದೆ ಒಂದೊಂದು ಡೋಲು. ಹಳ್ಳ ಆ ವರ್ಷ ಹೊಸದಾಗಿ ತಿರುಗಿದ ಕಡೆ ಡೋಲು ನಿಲ್ಲುತ್ತಿತ್ತು. ಅತ್ತ ಸೇರಿದ್ದು ಅತ್ತಲವರದು, ಇತ್ತ ಸೇರಿದ್ದು ಇತ್ತಲವರದು. ಗದ್ದೆಯಾದರೆ ಗದ್ದೆ, ಮರವಾದರೆ ಮರ, ಮನೆಯಾದರೆ ಮನೆ, ಮನೆಯೊಳಗೆ ಮನುಷ್ಯರಿದ್ದರೆ ಮನುಷ್ಯರು. ಅಂಥ ಮನೆಯ ಹಳೆಯ ಒಲೆಯನ್ನು ಆರಿಸಿ, ಹೊಸ ದಡದ ಹಿರಿಯ ತಾನು ತಂದ ಕೆಂಡದಿಂದ ಬೇರೆ ಬೆಂಕಿ ಹಚ್ಚುತ್ತಿದ್ದ. ಮನೆಯವರನ್ನು ಹಳ್ಳದಲ್ಲಿ ಮೀಯಿಸುತ್ತಿದ್ದರು. ಮಿಂದು ಎದ್ದವರಿಗೆ ಹಿಂದಿನ ದಡದಲ್ಲಿ ನೆಂಟರಿಲ್ಲ. ಮೂಡುದಡದಲ್ಲಿ ಹೆತ್ತವಳನ್ನು ಅಬ್ಬೆ ಎನ್ನುತ್ತಿದ್ದರು, ಪಡುದಡದಲ್ಲಿ ಆಯಿ. ಅವತ್ತಿನಿಂದ ಆ ಮಾತೂ ಬದಲು.

ಹಳ್ಳ ಮನುಷ್ಯರನ್ನು ದಾಟಿಸಬಹುದಿತ್ತು. ಮನುಷ್ಯರು ಹಳ್ಳವನ್ನು ದಾಟುವಂತಿರಲಿಲ್ಲ. ತಮ್ಮ ಕಾಲಿನಿಂದ ದಾಟಿದವರಿಗೆ ಎರಡು ದಡದವರೂ ಬೆಂಕಿ ಕೊಡುತ್ತಿರಲಿಲ್ಲ. ದಾಟುವುದೇನೂ ಕಷ್ಟವಿರಲಿಲ್ಲ. ಬೇಸಗೆಯಲ್ಲಿ ಮೊಣಕಾಲು ಮುಳುಗುವಷ್ಟು ನೀರೂ ಇರುತ್ತಿರಲಿಲ್ಲ. ಆದರೂ ಯಾರೂ ದಾಟುತ್ತಿರಲಿಲ್ಲ.

ಹಳ್ಳ ಎಲ್ಲಿ ಮಣ್ಣು ಬಿಟ್ಟು ಹೋಗುತ್ತಿತ್ತೋ ಆ ಗದ್ದೆ ಕಪ್ಪಗೆ ಮಿನುಗುತ್ತಿತ್ತು, ಭತ್ತ ಎದೆಯೆತ್ತರ ಬೆಳೆಯುತ್ತಿತ್ತು. ಹಾಗಾಗಿ ಎರಡು ದಡದವರಿಗೂ ಹೊಟ್ಟೆಕಿಚ್ಚೆಂಬುದು ಉಸಿರಾಟದಷ್ಟು ರೂಢಿಯಾಗಿತ್ತು. ಮೂಡುದಡದ ಹೆಂಗಸರು ಹಳ್ಳಕ್ಕೆ ಮೊದಲ ಹಾಲು ಎರೆದರೆ, ಪಡುದಡದವರು ಹಾಲಿನ ಜೊತೆ ಮೊದಲ ಹೂವನ್ನೂ ಬಿಡುತ್ತಿದ್ದರು. ಅದನ್ನು ಕಂಡು ಇವರು ಅರಿಸಿನ ತೇಯ್ದು ಬಿಡುತ್ತಿದ್ದರು. ಬಟ್ಟೆ ಒಗೆಯುವಾಗ, ಬೇರೆ ಮನೆಗೆ ಹೋಗಿ ಬಂದ ಗಂಡನನ್ನು ಬೈಯುವ ಹಾಗೆ, ಅದನ್ನು ಬೈಯುತ್ತಲೂ ಇದ್ದರು.

ಮೂಡುದಡದಲ್ಲಿ ಅಕ್ಕ ತಂಗಿಯರಿಬ್ಬರು ಇದ್ದರು. ಅಕ್ಕನ ಗಂಡ ಉಪ್ಪು ಹೊರಲು ಕಡಲ ಕಡೆ ಹೋದವನು ತಿರುಗಿ ಬರಲಿಲ್ಲ. ತಂಗಿಗೆ ಮದುವೆಯೇ ಆಗಿರಲಿಲ್ಲ. ಅವರ ಅಪ್ಪ ಸಾಯುವ ಮೊದಲು ನೆಲ ಪಾಲು ಮಾಡಿ, ದೊಡ್ಡವಳು ಮೊದಲು ಆರಿಸಿಕೊಳ್ಳಲಿ ಎಂದಿದ್ದ. ಅವರ ನೆಲದ ಬಳಿ ಹಳ್ಳ ಪಡುವಣಕ್ಕೆ ದೊಡ್ಡದಾಗಿ ಬಳುಕಿ, ಸುತ್ತು ಹಾಕಿ ಮರಳಿ ಬರುತ್ತಿತ್ತು. ಆ ಸುತ್ತಿನ ಒಳಗೆ ನಾಲಗೆಯಂತೆ ಚಾಚಿದ ತಗ್ಗು ನೆಲ, ನಾಲಗೆಯ ಬುಡದಲ್ಲಿ ಒಂದು ದಿಣ್ಣೆ. ಅಕ್ಕ ದಿಣ್ಣೆಯನ್ನು ಆರಿಸಿಕೊಂಡಳು. ನೆರೆ ಬಂದರೂ ನೀರು ಅಲ್ಲಿಗೆ ಹತ್ತುವುದಿಲ್ಲವೆಂದು ಅವಳ ಎಣಿಕೆ. ಅದು ನಿಜವೂ ಆಗಿತ್ತು. ನೀರು ಹತ್ತಲಿಲ್ಲ, ಮಣ್ಣೂ ಹತ್ತಲಿಲ್ಲ.

ತಗ್ಗು ತಂಗಿಗೆ ಉಳಿಯಿತು. ಪ್ರತಿ ಮಳೆಗಾಲ ಹಳ್ಳ ಅವಳ ನೆಲವನ್ನು ಮೂರು ಕಡೆಯಿಂದ ಸವರಿಕೊಂಡು ಹೋಗುತ್ತಿತ್ತು. ಅಕ್ಕ ದಿಣ್ಣೆಯ ಮೇಲೆ ಹುರುಳಿ ಬಿತ್ತಿ ಹುರುಳಿ ಕೊಯ್ದಳು. ತಂಗಿ ಭತ್ತ ಕೊಯ್ದಳು, ಅದರ ಮೇಲೆ ಉದ್ದು ಕೊಯ್ದಳು, ಬದುವಿನಲ್ಲಿ ಹಾಕಿದ ಸೌತೆಬಳ್ಳಿ ಮನೆಯ ಮಾಡಿಗೆ ಹತ್ತಿ ಅಲ್ಲಿಯೂ ಕಾಯಿ ಬಿಟ್ಟಿತು. ಅಕ್ಕ ಬೆಳಿಗ್ಗೆ ಎದ್ದು ಬಾಗಿಲು ತೆರೆದರೆ ಕಾಣುವುದೇ ಆ ಮಾಡು. ಅವಳು ಬಾಗಿಲನ್ನು ಇನ್ನೊಂದು ಕಡೆಗೆ ಇಡಿಸಬೇಕೆಂದು ಎಷ್ಟೋ ಸಲ ಅಂದುಕೊಂಡಳು. ಇಡಿಸಲಿಲ್ಲ. ನೋಡದಿದ್ದರೂ ತಡೆಯುತ್ತಿರಲಿಲ್ಲ.

ಅದನ್ನೂ ಅವಳು ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಅಬ್ಬೆ ತಂಗಿಯ ಮನೆಯಲ್ಲಿದ್ದಳು. ದಿಣ್ಣೆ ಹತ್ತಿದರೆ ಏದುಸಿರು ಬರುತ್ತದೆಂದು ಅಬ್ಬೆ ಹೇಳಿದ ಕಾರಣ. ಅಕ್ಕ ಹುರುಳಿ ಸಾರು ಮಾಡಿ ದಿನಾ ಕೆಳಗೆ ಒಯ್ಯುತ್ತಿದ್ದಳು. ಅಬ್ಬೆ ಉಣ್ಣುತ್ತಿದ್ದಳು, ಚೆನ್ನಾಗಿದೆ ಎನ್ನುತ್ತಿದ್ದಳು, ಆಮೇಲೆ ಚಿಕ್ಕವಳ ಗಂಜಿಯಿದ್ದರೆ ಒಂದು ಗುಟುಕು ಕೊಡು ಎನ್ನುತ್ತಿದ್ದಳು. ಅಬ್ಬೆಗೆ ಅದರಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ. ಅಕ್ಕ ಖಾಲಿ ಪಾತ್ರೆ ಹಿಡಿದು ದಿಣ್ಣೆ ಹತ್ತುವಾಗ ಆ ಒಂದು ಗುಟುಕನ್ನೇ ಜಗಿಯುತ್ತ ಹತ್ತುತ್ತಿದ್ದಳು.

ಒಂದು ಬೇಸಗೆಯಲ್ಲಿ ಅವಳು ಹುಲ್ಲು ಕೊಯ್ಯುವ ನೆಪದಲ್ಲಿ, ಹಳ್ಳ ಬಳುಕಲು ಶುರುಮಾಡುವ ಕಡೆಗೆ ಹೋಗಿ, ನೀರಿಗೆ ಒಂದು ಕಲ್ಲು ಹಾಕಿದಳು. ಮರುದಿನ ಇನ್ನೊಂದು. ಹೊತ್ತು ಇಳಿಯುವಾಗ ಹೋಗುವುದು, ಕಲ್ಲು ಹಾಕುವುದು, ಹುಲ್ಲಿನ ಹೊರೆ ಹೊತ್ತು ಬರುವುದು. ಕಲ್ಲಿನ ಮೇಲೆ ಕೊಂಬೆ, ಕೊಂಬೆಯ ಮೇಲೆ ಹೆಂಟೆ, ಹೆಂಟೆಯ ಮೇಲೆ ಕಲ್ಲು. ತಂಗಿಗೆ ಕೇಡಾಗಲಿ ಎಂದು ಅವಳ ಮನಸ್ಸಿನಲ್ಲಿರಲಿಲ್ಲ. ತಂಗಿಯ ಕಡೆ ಹಳ್ಳ ಸ್ವಲ್ಪ ಕಡಿಮೆ ಹೋಗಲಿ, ಇಷ್ಟೇ.

ಆ ವರ್ಷದ ಮಳೆ ಹಗಲು ರಾತ್ರಿ ಹಿಡಿದು ಸುರಿಯಿತು. ನಡುಮಳೆಯಲ್ಲಿ ಒಂದು ಬೆಳಿಗ್ಗೆ ಅಕ್ಕ ಬಾಗಿಲು ತೆರೆದಾಗ ದಿಣ್ಣೆಯ ಬುಡದಲ್ಲೇ ಕೆಂಪು ನೀರು ಸದ್ದು ಮಾಡುತ್ತಿತ್ತು. ಬಳುಕಿನ ಬಾಯಲ್ಲಿ ದಾರಿ ಕಟ್ಟಿಹೋಗಿ, ಹಳ್ಳ ನಾಲಗೆಯ ಬುಡವನ್ನೇ ಕತ್ತರಿಸಿಕೊಂಡು ನೇರ ನುಗ್ಗಿತ್ತು. ಹಳೆಯ ಸುತ್ತು ಬರಿದಾಗಿ ಕೆಸರು ಹೊಳೆಯುತ್ತಿತ್ತು. ಇತ್ತ ಅಕ್ಕನ ಮನೆ, ನಡುವೆ ಹಳ್ಳ, ಅತ್ತ ತಂಗಿಯ ಮನೆ, ಅದರ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತ ಅಬ್ಬೆ.

ಅಕ್ಕನಿಗೆ ಮೊದಲು ಆದದ್ದು ಸಂತೋಷ. ಹಳ್ಳ ತನ್ನ ಬಾಗಿಲಿಗೆ ಬಂದಿದೆ ಎಂಬ ಸಂತೋಷ. ಅಬ್ಬೆಯನ್ನು ಅವಳು ನೋಡಿದ್ದು ಆಮೇಲೆ.

ನೀರು ತಿಳಿಯಾದ ದಿನ ಡೋಲುಗಳು ಬಂದು ಅಲ್ಲಿ ನಿಂತವು. ಪಡುದಡದ ಹಿರಿಯ ತಂಗಿಯ ಮನೆ ಹೊಕ್ಕು ಹಳೆಯ ಒಲೆಯನ್ನು ಆರಿಸಿದ, ತನ್ನ ಕೆಂಡ ಇಟ್ಟು ಊದಿದ. ಪಡುದಡದ ಹೆಂಗಸರು ಅಬ್ಬೆಯನ್ನೂ ತಂಗಿಯನ್ನೂ ಹಳ್ಳಕ್ಕಿಳಿಸಿ ಮೀಯಿಸಿದರು. ದಿಣ್ಣೆಯ ಮೇಲೆ ನಿಂತು ಅಕ್ಕ ನೋಡಿದಳು. ಹಿರಿಯ ಅಬ್ಬೆಯನ್ನು ತೋರಿಸಿ, ಇವಳು ನಿನಗೆ ಯಾರು ಎಂದು ತಂಗಿಯನ್ನು ಕೇಳಿದ. ತಂಗಿ ಒದ್ದೆ ತಲೆಯಲ್ಲಿ ನಿಂತು, ನೆಲ ನೋಡುತ್ತ, “ಆಯಿ” ಎಂದಳು. ಆ ಮಾತು ಅಕ್ಕನಿಗೆ ಕೇಳಿಸುವಷ್ಟು ಹತ್ತಿರದಲ್ಲಿತ್ತು.

ಆ ಸಲ ಅಕ್ಕ ಭತ್ತ ಕೊಯ್ದಳು. ದಿಣ್ಣೆಯ ಇಳಿಜಾರಿನಲ್ಲೆಲ್ಲ ಕಪ್ಪು ಮಣ್ಣು ಬಿದ್ದಿತ್ತು. ಮೂಡುದಡದವರು ಬಂದು ನೋಡಿ, ನಿನ್ನ ಅದೃಷ್ಟ ಎಂದರು. ಅವರ ಕಣ್ಣಲ್ಲಿ ಇದ್ದದ್ದು ಏನೆಂದು ಅವಳಿಗೆ ಗುರುತು ಸಿಕ್ಕಿತು. ಅವಳು ಗಂಜಿ ಮಾಡಿದಳು. ಒಯ್ಯಲು ಜಾಗವಿರಲಿಲ್ಲ. ಒಬ್ಬಳೇ ಉಂಡಳು.

ಆಚೆ ದಡದಲ್ಲಿ ಹೊಸಬರನ್ನು ಚೆನ್ನಾಗಿ ನೋಡಿಕೊಳ್ಳುವುದು ಪದ್ಧತಿ. ತಂಗಿಯ ಮನೆಗೆ ನೆರೆಯವಳಾದ ಒಬ್ಬ ಹೆಂಗಸು ಇದ್ದಳು, ದಪ್ಪ ಜಡೆಯವಳು, ನಗುಮುಖದವಳು. ಅವಳು ಮೊದಲು ಹುಣಸೆಹಣ್ಣು ತಂದಳು. ಆಮೇಲೆ ಒಂದು ಕರು ತಂದು ಕಟ್ಟಿದಳು. ಆಮೇಲೆ ಸಂಜೆ ಹೊತ್ತು ಜಗಲಿಯ ಮೇಲೆ ಕೂತು ಅಬ್ಬೆಯ ತಲೆ ಬಾಚತೊಡಗಿದಳು.

ಅಕ್ಕ ಎಂಬ ಮಾತು ಎರಡು ದಡದಲ್ಲೂ ಒಂದೇ ಆಗಿತ್ತು. ಒಂದು ಸಂಜೆ ತಂಗಿ ಹಿತ್ತಿಲಲ್ಲಿ ನಿಂತು “ಅಕ್ಕಾ” ಎಂದು ಕರೆದಳು. ದಿಣ್ಣೆಯ ಮೇಲೆ ಅಕ್ಕಿ ಒನೆಯುತ್ತಿದ್ದ ಅಕ್ಕ ಕೈಯಲ್ಲಿದ್ದ ಮೊರ ಕೆಳಗಿಟ್ಟು, ಬಂದೆ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಆಚೆ ಮನೆಯಿಂದ ನೆರೆಯವಳು “ಬಂದೆ ತಂಗಿ” ಎಂದಳು. ತಂಗಿ ಈಚೆ ತಿರುಗಿ ನೋಡಿದಳೋ ಇಲ್ಲವೋ, ಮಬ್ಬಿನಲ್ಲಿ ಕಾಣಲಿಲ್ಲ. ಅಕ್ಕ ಮೊರವನ್ನು ಮತ್ತೆ ಎತ್ತಿಕೊಂಡಳು. ಆದರೆ ಅಕ್ಕಿ ಯಾವುದು, ಹೊಟ್ಟು ಯಾವುದು ಅವಳಿಗೆ ತಿಳಿಯದಾಯಿತು.

ಹಿಂದೆ ಅವಳಿಗೆ ಮಣ್ಣಿನ ಮೇಲೆ ಕಿಚ್ಚಿತ್ತು, ಸೌತೆಬಳ್ಳಿಯ ಮೇಲೆ ಕಿಚ್ಚಿತ್ತು. ಈಗ ಅದೆಲ್ಲ ಆರಿ, ಒಂದು ಬಾಚಣಿಗೆಯ ಮೇಲೆ ಬಂದು ನಿಂತಿತು. ಆ ಹೆಂಗಸು ಅಬ್ಬೆಯ ಬೈತಲೆ ಎಡಕ್ಕೆ ತೆಗೆಯುತ್ತಿದ್ದಳು. ಅಬ್ಬೆಗೆ ನಡುವೆ ತೆಗೆಯಬೇಕು. ಅದನ್ನು ಯಾರೂ ಅವಳಿಗೆ ಹೇಳುತ್ತಿರಲಿಲ್ಲ. ಅಬ್ಬೆಯೂ ಹೇಳದೆ, ಕಣ್ಣು ಮುಚ್ಚಿ, ಅವಳ ಮೊಣಕಾಲಿಗೆ ಒರಗಿ ಕೂತಿರುತ್ತಿದ್ದಳು. ಇದು ಅಕ್ಕನಿಗೆ ದಿನಾ ಕಾಣುತ್ತಿತ್ತು. ಹಳ್ಳ ಅಷ್ಟು ಸಣ್ಣದು.

ಬೇಸಗೆ ಬಂತು. ಅಬ್ಬೆ ಕೂರುವುದು ಕಡಿಮೆಯಾಗಿ ಮಲಗುವುದು ಹೆಚ್ಚಾಯಿತು. ಅಕ್ಕ ಗುದ್ದಲಿ ತೆಗೆದುಕೊಂಡು ಬಳುಕಿನ ಬಾಯಿಗೆ ಹೋದಳು. ತಾನು ಹಾಕಿದ ಕಲ್ಲುಗಳನ್ನು ಒಂದೊಂದಾಗಿ ಕಿತ್ತು, ಹೊತ್ತು ತಂದು, ಹೊಸ ದಾರಿಯ ಬಾಯಿಗೆ ಹಾಕತೊಡಗಿದಳು. ಹಳ್ಳ ಹಳೆಯ ಸುತ್ತಿಗೇ ಹೋಗಲಿ, ಅಬ್ಬೆ ಈಚೆಗೆ ಬರಲಿ, ತಂಗಿ ಬರಲಿ, ಮಣ್ಣೆಲ್ಲ ಅವಳಿಗೇ ಆಗಲಿ. ಕಲ್ಲು ಕೀಳುವಾಗ ಅವಳು ಹೀಗೆ ಹೇಳಿಕೊಳ್ಳುತ್ತಿದ್ದಳು. ಆದರೆ ಕಲ್ಲು ಎತ್ತಿ ಹಾಕುವಾಗ ಕಣ್ಣಮುಂದೆ ಬರುತ್ತಿದ್ದುದು ಆ ದಪ್ಪ ಜಡೆಯೇ. ಬೆರಳುಗಳು ಒಡೆದು ರಕ್ತ ಬಂತು. ಮೂಡುದಡದವರು ಕಂಡರು, ಹಳ್ಳ ಅವಳ ಬಾಗಿಲಲ್ಲೇ ನಿಲ್ಲಬಾರದೆಂದು ಅವರಿಗೂ ಇದ್ದುದರಿಂದ ತಡೆಯಲಿಲ್ಲ.

ಮಳೆ ಬಂತು. ಹಳ್ಳ ಹೊಸ ದಾರಿಯನ್ನೂ ಬಿಡಲಿಲ್ಲ, ಹಳೆಯ ದಾರಿಯನ್ನೂ ಮರೆಯಲಿಲ್ಲ. ಎರಡು ಕವಲಾಗಿ ಒಡೆದು, ತಂಗಿಯ ಮನೆ, ಗದ್ದೆ, ಕರು, ಬದು ಎಲ್ಲವನ್ನೂ ನಡುವೆ ಇಟ್ಟುಕೊಂಡು ಸುತ್ತಲೂ ಹರಿಯಿತು.

ಇಂಥದ್ದು ಹಿಂದೆಂದೂ ಆಗಿರಲಿಲ್ಲ. ನೀರು ತಿಳಿಯಾದ ದಿನ ಎರಡೂ ಡೋಲುಗಳು ನಿಂತವು, ಬಹಳ ಹೊತ್ತು ನಿಂತವು. ಪಡುದಡದ ಹಿರಿಯ ತನ್ನ ಕವಲಿನ ದಂಡೆಯಲ್ಲಿ, ಮೂಡುದಡದ ಹಿರಿಯ ತನ್ನ ಕವಲಿನ ದಂಡೆಯಲ್ಲಿ. ಅವರ ನೆನಪಿನಲ್ಲಿ ಮೊದಲ ಸಲ ಇಬ್ಬರು ಹಿರಿಯರು ಒಬ್ಬರಿಗೊಬ್ಬರು ಮಾತಾಡಬೇಕಾಯಿತು.

“ಅದು ನಿಮ್ಮದೋ?” ಎಂದು ಮೂಡುದಡದವನು ಕೇಳಿದ.

“ನಮ್ಮ ದಡಕ್ಕೆ ಅಂಟಿಕೊಂಡಿಲ್ಲ. ನಿಮ್ಮದೋ?”

“ನಮ್ಮದಕ್ಕೂ ಇಲ್ಲ.”

ಇಬ್ಬರೂ ಎರಡು ಕವಲನ್ನೂ ನೋಡಿದರು. ಆಮೇಲೆ ಪಡುದಡದ ಹಿರಿಯ, “ಹಾಗಾದರೆ ನಡುವಿನದು ನೀರಿನದು” ಎಂದ. ಮೂಡುದಡದವನು ತಲೆಯಾಡಿಸಿದ. ಪಡುದಡದವನು ತಾನಿಟ್ಟ ಕೆಂಡವನ್ನು ಹಿಂದಕ್ಕೆ ಪಡೆಯಲೇಬೇಕಿತ್ತು. ಕೆಲಸದ ಮಟ್ಟಿಗೆ ಹಿರಿಯನಿಗೆ ದಾಟುವ ಅನುಮತಿಯಿತ್ತು. ಪಡುದಡದ ಹಿರಿಯ ನೀರಿಗಿಳಿದು ಹೋಗಿ, ತಂಗಿಯ ಒಲೆಗೆ ನೀರು ಸುರಿದು ಬಂದ. ಹೊಸ ಬೆಂಕಿ ಹಚ್ಚಲು ಯಾರೂ ಹೋಗಲಿಲ್ಲ. ದಪ್ಪ ಜಡೆಯ ಹೆಂಗಸು ತನ್ನ ದಡದಲ್ಲಿ ನಿಂತು ನೋಡಿದಳು. ಅವಳ ಮುಖದಲ್ಲಿ ನಗುವಿರಲಿಲ್ಲ. ಸೆರಗು ಹೊದ್ದುಕೊಂಡು ಒಳಗೆ ಹೋದಳು, ಬಾಗಿಲು ಹಾಕಿಕೊಂಡಳು.

ಅಕ್ಕ ಆ ಬಾಗಿಲು ಮುಚ್ಚಿದ್ದನ್ನು ಕಂಡಳು. ಆಗಲೂ ಅವಳಿಗೆ ಮೊದಲು ಆದದ್ದು ಸಂತೋಷವೇ. ಇನ್ನು ಯಾರೂ ತಂಗಿಗೆ ಅಕ್ಕನಾಗುವುದಿಲ್ಲ, ಯಾರೂ ಅಬ್ಬೆಯ ತಲೆ ಬಾಚುವುದಿಲ್ಲ. ಆ ಸಂತೋಷ ಸಂಜೆಯವರೆಗೆ ಇತ್ತು. ಸಂಜೆ ಎಲ್ಲ ಮನೆಗಳ ಮಾಡಿನಿಂದ ಹೊಗೆ ಎದ್ದಿತು, ಮೂಡುದಡದಲ್ಲಿ, ಪಡುದಡದಲ್ಲಿ. ನಡುವಿನ ಮಾಡಿನಿಂದ ಏಳಲಿಲ್ಲ.

ಮರುದಿನವೂ ಏಳಲಿಲ್ಲ. ತಂಗಿ ಅಕ್ಕಿಯನ್ನು ನೀರಿನಲ್ಲಿ ನೆನೆಸಿ, ಕಲ್ಲಿನಲ್ಲಿ ಅರೆದು, ಅಬ್ಬೆಯ ಬಾಯಿಗೆ ಹಾಕುತ್ತಿದ್ದುದು ಕಂಡಿತು. ಅಬ್ಬೆ ಉಗುಳುತ್ತಿದ್ದಳು. ತಂಗಿ ಒರೆಸಿ ಮತ್ತೆ ಹಾಕುತ್ತಿದ್ದಳು. ಅಕ್ಕ ಬಾಗಿಲು ಹಾಕಿದಳು, ತೆಗೆದಳು. ಅನ್ನ ಬೇಯಿಸಿದಳು, ಉಣ್ಣದೆ ಕೂತಳು. ಇನ್ನೂ ಕೆಲವು ದಿನ ಹೀಗೇ ಹೋದವು.

ಆಮೇಲೆ ಒಂದು ಮಧ್ಯಾಹ್ನ, ಎರಡು ದಡದವರೂ ಗದ್ದೆಯಲ್ಲಿರುವ ಹೊತ್ತಿನಲ್ಲಿ, ಅವಳು ಒಂದು ಮಡಕೆಗೆ ಬೂದಿ ಹಾಸಿ, ತನ್ನ ಒಲೆಯ ಕೆಂಡವನ್ನೆಲ್ಲ ಅದರೊಳಗೆ ತುಂಬಿದಳು. ಒಲೆಯಲ್ಲಿ ಒಂದು ಕಿಡಿಯನ್ನೂ ಬಿಡಲಿಲ್ಲ. ಮಡಕೆಯನ್ನು ತಲೆಯ ಮೇಲಿಟ್ಟುಕೊಂಡು ದಿಣ್ಣೆ ಇಳಿದು ನೀರಿಗೆ ಕಾಲಿಟ್ಟಳು. ಮೂಡುದಡದ ಗದ್ದೆಗಳಲ್ಲಿ ಬಾಗಿದ್ದವರು ನೆಟ್ಟಗಾದರು. ಮೂಡುದಡದ ಹಿರಿಯ ದಂಡೆಗೆ ಓಡಿ ಬಂದು, ಇನ್ನೊಂದು ಹೆಜ್ಜೆ ಇಟ್ಟರೆ ತಿರುಗಿ ಬರುವಂತಿಲ್ಲ ಎಂದು ಮೆಲ್ಲಗೆ ಹೇಳಿದ. ಅವನದು ಸಿಟ್ಟಿನ ದನಿಯಲ್ಲ. ಅಕ್ಕ ಗೊತ್ತು ಎಂದಳು. ನೀರು ಮೊದಲು ಮೊಣಕಾಲಿಗೆ, ಆಮೇಲೆ ಸೊಂಟಕ್ಕೆ ಬಂತು. ಸೀರೆ ಉಬ್ಬಿ ತೇಲಿತು. ಅವಳು ಎರಡೂ ಕೈಯಿಂದ ಮಡಕೆ ಹಿಡಿದು ಆಚೆ ಹತ್ತಿದಳು.

ತಂಗಿ ಬಾಗಿಲಲ್ಲಿ ನಿಂತಿದ್ದಳು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಅಕ್ಕ ಅವಳನ್ನು ದಾಟಿ ಒಳಗೆ ಹೋಗಿ, ಒದ್ದೆ ಬೂದಿ ತೆಗೆದು, ಒಲೆಗೆ ಕೆಂಡ ಹಾಕಿ ಊದಿದಳು. ಒಣ ಪುರಲೆ ಹೊತ್ತಿಕೊಂಡಿತು. ಆಗ ತಂಗಿ ಹಿಂದಿನಿಂದ ಹೇಳಿದಳು:

“ನೀ ಕಲ್ಲು ಹಾಕುತ್ತಿದ್ದದ್ದು ನಾ ನೋಡಿದ್ದೆ, ಅಕ್ಕ. ಮೊದಲ ದಿನದಿಂದ.”

ಅಕ್ಕ ಊದುವುದನ್ನು ನಿಲ್ಲಿಸಿದಳು.

“ತೆಗೆದು ಹಾಕಬಹುದಿತ್ತು. ನೀ ಹೋದ ಮೇಲೆ ಹೋಗಿ ತೆಗೆಯಬಹುದಿತ್ತು. ತೆಗೆಯಲಿಲ್ಲ.”

“ಯಾಕೆ?”

“ನೀ ದಿನಾ ಸಾರು ತರುತ್ತಿದ್ದೆ. ನೀ ಬರುತ್ತೀಯೆಂದು ಆಯಿ ಬೆಳಿಗ್ಗೆಯಿಂದ ಬಾಗಿಲು ನೋಡುತ್ತಿದ್ದಳು. ನಾ ಮನೆಯಲ್ಲೇ ಇದ್ದೆ, ನನ್ನನ್ನು ಯಾರು ನೋಡುತ್ತಾರೆ? ಹಳ್ಳ ನಡುವೆ ಬಂದರೆ ಅವಳು ನನಗೊಬ್ಬಳಿಗೇ ಆಗುತ್ತಾಳೆ ಅಂತ ಇತ್ತು.”

ಅಕ್ಕ ಒಲೆಗೆ ಇನ್ನೊಂದು ಪುರಲೆ ಇಟ್ಟಳು. ಹೇಳುವುದಕ್ಕೆ ಅವಳ ಹತ್ತಿರ ಇದ್ದದ್ದೂ ಅದೇ ಮಾತು. ಇಬ್ಬರೂ ಸೇರಿ ಗಂಜಿ ಬೇಯಿಸಿದರು. ಅಬ್ಬೆ ಬಿಸಿ ಗಂಜಿ ಕುಡಿದು, ಬೆವರಿ, ಮಲಗಿದಳು.

ಮೂಡುದಡದಲ್ಲಿ ಅಕ್ಕನ ಮನೆಗೆ ಬೇರೆಯವರು ಬಂದು ಸೇರಿದರು. ಅವಳು ಅದನ್ನು ಈಚೆಯಿಂದ ನೋಡಿದಳು. ಆ ಮನೆಯ ಬಾಗಿಲಲ್ಲಿ ಈಗ ಯಾರೋ ಒಬ್ಬ ಹೆಂಗಸು ನಿಂತು ನಡುಗಡ್ಡೆಯ ಕಪ್ಪು ಮಣ್ಣನ್ನು, ಅಲ್ಲಿ ಏಳುವ ಹೊಗೆಯನ್ನು ನೋಡುತ್ತಿದ್ದಳು.

ಅಕ್ಕ ತಂಗಿಯರು ಒಂದೇ ಮಾಡಿನಡಿ ಇದ್ದರು. ಕೆಲಸ ಹಂಚಿಕೊಂಡರು. ಅಬ್ಬೆಯನ್ನು ಮಾತ್ರ ಹಂಚಿಕೊಳ್ಳಲು ಬರಲಿಲ್ಲ. ಒಬ್ಬಳು ಬಾಯಿಗೆ ಗಂಜಿ ಹಾಕಿದರೆ ಇನ್ನೊಬ್ಬಳು ತುಟಿ ಒರೆಸಲು ಕಾದಿರುತ್ತಿದ್ದಳು. ಅಬ್ಬೆ ನಿದ್ದೆಯಲ್ಲಿ ಏನಾದರೂ ಗೊಣಗಿದರೆ, ಅದು ತನ್ನ ಹೆಸರೇ ಎಂದು ಇಬ್ಬರೂ ಬೇರೆ ಬೇರೆಯಾಗಿ ನಂಬುತ್ತಿದ್ದರು. ಒಬ್ಬಳು ಅಬ್ಬೆ ಎನ್ನುತ್ತಿದ್ದಳು. ಇನ್ನೊಬ್ಬಳ ಬಾಯಲ್ಲಿ ಆಯಿ ಎಂಬುದೇ ಉಳಿದುಬಿಟ್ಟಿತ್ತು. ಮುದುಕಿ ಎರಡಕ್ಕೂ ಓ ಎನ್ನುತ್ತಿದ್ದಳು. ಯಾವುದಕ್ಕೆ ಬೇಗ ಓ ಎಂದಳೆಂದು ಇಬ್ಬರೂ ಗಮನಿಸುತ್ತಿದ್ದರು.

ಅವಳ ಉಸಿರು ಮೇಲುಮೇಲಾದ ದಿನ, ಹೊರಗೆ ಹಗಲು ಬೆಳ್ಳಗಿತ್ತು. ಅಕ್ಕ ತಲೆಯ ಕಡೆ ಕೂತು, ಅಬ್ಬೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ತಂಗಿ ಕಾಲಿನ ಕಡೆ ಕೂತು ಪಾದ ಒತ್ತುತ್ತಿದ್ದಳು. ಬಹಳ ಹೊತ್ತಾದ ಮೇಲೆ ತಂಗಿ ತಲೆಯೆತ್ತದೆ, ಬೆಳಿಗ್ಗೆಯಿಂದ ತಲೆ ನಿನ್ನ ತೊಡೆಯ ಮೇಲೇ ಇದೆ ಎಂದಳು. ಅಕ್ಕ ಕೇಳಿಸದ ಹಾಗೆ ಇದ್ದಳು. ತಂಗಿ ಮತ್ತೆ ಹೇಳಿದಳು. ಅಕ್ಕನ ಮುಖ ಬಿಗಿಯಿತು. ಆಮೇಲೆ ಏನನ್ನಿಸಿತೋ, ಸರಿ ಬಾ ಎಂದಳು. ಅಬ್ಬೆಯ ತಲೆಯನ್ನು ಎರಡೂ ಕೈಯಲ್ಲಿ ಎತ್ತಿ ಮೆಲ್ಲಗೆ ಚಾಪೆಯ ಮೇಲಿಟ್ಟು ಎದ್ದಳು. ತಂಗಿ ಪಾದ ಬಿಟ್ಟು ಎದ್ದಳು. ಒಬ್ಬಳು ಇತ್ತಿಂದ ಅತ್ತ, ಒಬ್ಬಳು ಅತ್ತಿಂದ ಇತ್ತ, ಮೈಗೆ ಮೈ ತಾಗದಂತೆ ಓರೆಯಾಗಿ ಹಾದುಹೋದರು. ಕೂತು ನೋಡುವಷ್ಟರಲ್ಲಿ ಅಬ್ಬೆಯ ಉಸಿರು ನಿಂತಿತ್ತು. ತಲೆ ಬರೀ ಚಾಪೆಯ ಮೇಲಿತ್ತು.

ಅಕ್ಕ ತಂಗಿಯನ್ನು ನೋಡಿದಳು. ತಂಗಿ ಅಕ್ಕನನ್ನು ನೋಡಿದಳು. ಇಬ್ಬರೂ ಅಳಲಿಲ್ಲ. ಒಬ್ಬಳು ಅತ್ತಿದ್ದರೆ ಇನ್ನೊಬ್ಬಳು ಅವಳಿಗಿಂತ ಹೆಚ್ಚು ಅಳಬೇಕಾಗುತ್ತಿತ್ತು. ಅದಕ್ಕೆ ಇಬ್ಬರಲ್ಲೂ ಶಕ್ತಿಯಿರಲಿಲ್ಲ. ಅಬ್ಬೆಯ ಕಣ್ಣು ಅರ್ಧ ತೆರೆದಿತ್ತು. ತಂಗಿ ಒಂದು ಕಣ್ಣು ಮುಚ್ಚಿ, ಕೈ ಹಿಂದೆ ತೆಗೆದುಕೊಂಡಳು. ಇನ್ನೊಂದನ್ನು ಅಕ್ಕ ಮುಚ್ಚಿದಳು.

ಮೀಯಿಸಲು ನೀರು ಕಾಯಿಸಬೇಕಿತ್ತು. ಅಕ್ಕ ಒಲೆಯ ಮುಂದೆ ಕೂತು ಸೌದೆ ಒಟ್ಟಿದಳು. ತಂಗಿ ಕೊಡ ಎತ್ತಿಕೊಂಡು ಅಂಗಳಕ್ಕೆ ಇಳಿದಳು. ಅಂಗಳದ ಈಚೆಗೆ ಒಂದು ಕವಲು, ಆಚೆಗೆ ಒಂದು ಕವಲು, ಎರಡೂ ಒಂದೇ ದೂರ. ಅವಳು ಇತ್ತ ನಾಲ್ಕು ಹೆಜ್ಜೆ ಇಟ್ಟಳು, ನಿಂತಳು. ಅತ್ತ ತಿರುಗಿದಳು, ಮತ್ತೆ ನಿಂತಳು. ಖಾಲಿ ಕೊಡ ಹಿಡಿದು ನಡುವಂಗಳದಲ್ಲಿ ನಿಂತೇ ಇದ್ದಳು. ಅಕ್ಕ ಒಳಗಿನಿಂದ ಅದನ್ನು ನೋಡಿದಳು. ಎದ್ದು ಬಂದು ಬಾಗಿಲ ಚೌಕಟ್ಟು ಹಿಡಿದು ಹೇಳಿದಳು:

“ಕೆಳತುದಿಗೆ ಹೋಗು. ಅಲ್ಲಿ ಎರಡೂ ಕೂಡುತ್ತವೆ.”

ತಂಗಿ ಹೋದಳು.